ಹನ್ನೊಂದೂವರೆಗೆ ಸಂಜೆಯಾದ ಬೆಟ್ಟ

ಹಾರ್ನ್ ನನ್ನದು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂಡಿಗೆರೆ ಬಜಾರಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟವನ ಹತ್ತಿರ ಯಾರಾದರೂ ಬಂದು ಹಾರ್ನ್ ಬೇಕು ಎಂದರೆ ಮದುವೆಗೋ ಚುನಾವಣೆಗೋ ಎಂದು ಕೇಳಬಹುದು. ಇದರಿಂದ ಒಂಬತ್ತು ಎಸ್ಟೇಟುಗಳ ಕೆಲಸ ನಿಲ್ಲಿಸುತ್ತೀರಾ ಎಂದು ಕೇಳುವುದು ಸಭ್ಯತೆಯಲ್ಲ. ನಾನು ಕೇಳಲಿಲ್ಲ. ಆದ್ದರಿಂದ ಎರಡು ಸಾವಿರದ ಒಂಬತ್ತನೆಯ ಇಸವಿಯ ಡಿಸೆಂಬರಿನಲ್ಲಿ ನಮ್ಮ ಬೆಟ್ಟಕ್ಕೆ ಹನ್ನೊಂದೂವರೆಗೇ ಸಂಜೆಯಾದದ್ದರಲ್ಲಿ ನನ್ನ ಪಾಲು ಬರೀ ಹಾರ್ನು. ಉಳಿದದ್ದೆಲ್ಲ ಪಕ್ಕದ ಅಂಗಡಿಯ ಷಡಕ್ಷರಿಯವರದು.

ಷಡಕ್ಷರಿ ಛತ್ರಿ, ಕಂಬಳಿ, ಗಮ್‌ಬೂಟು ಮಾರುವವರು. ಮಳೆಗಾಲದ ನಾಲ್ಕು ತಿಂಗಳು ಅವರಿಗೆ ಪುರುಸೊತ್ತಿರುವುದಿಲ್ಲ. ಉಳಿದ ಎಂಟು ತಿಂಗಳು ಬೇರೆಯವರಿಗೆ ಅವರು ಪುರುಸೊತ್ತು ಕೊಡುವುದಿಲ್ಲ. ಹೀಗಿರುವಾಗ ಊರಿಗೆ ‘ಗಿರಿದನಿ’ ಎಂಬ ಸಮುದಾಯ ಬಾನುಲಿ ಬಂತು. ಹಳೇ ಕಾಫಿ ಗೋಡೌನಿನ ಒಂದು ಕೋಣೆ, ಗೋಡೆ ತುಂಬ ಮೊಟ್ಟೆಯ ಟ್ರೇ ಬಡಿದದ್ದು, ಮಧ್ಯೆ ಒಂದು ಮೈಕು. ಅದನ್ನು ನೋಡಿಕೊಳ್ಳಲು ರಜನಿ ಎಂಬ ಚುರುಕಾದ ಹುಡುಗಿ. ಅವಳು ಊರಿನವರನ್ನೆಲ್ಲ ಕೂರಿಸಿಕೊಂಡು, “ಇದು ನಿಮ್ಮ ರೇಡಿಯೋ. ನಿಮ್ಮ ಕಲೆ, ನಿಮ್ಮ ಸಂಸ್ಕೃತಿ, ನಿಮ್ಮಲ್ಲಾದ ಬದಲಾವಣೆ, ಎಲ್ಲವನ್ನೂ ನೀವೇ ರೆಕಾರ್ಡ್ ಮಾಡಿ ತನ್ನಿ” ಎಂದಳು. ಉಳಿದವರು ಕೊಟ್ಟ ಟೀ ಕುಡಿದು ಎದ್ದರು. ಷಡಕ್ಷರಿ ಅದನ್ನು ತಮಗೊಬ್ಬರಿಗೇ ಹೇಳಿದ್ದು ಎಂದು ತಿಳಿದರು.

ಮಾರನೆಯ ದಿನವೇ ಅವರು ಆರು ಜೇಬಿನ ಖಾಕಿ ಜಾಕೀಟು ಹೊಲಿಸಿದರು. ರಜನಿ ಕೊಟ್ಟ ಅಂಗೈಯಗಲದ ರೆಕಾರ್ಡರು ಒಂದು ಜೇಬಿಗೆ ಸಾಕಾಯಿತು, ಇನ್ನೈದರಲ್ಲಿ ಎಲೆಅಡಿಕೆ. ಮೊದಲು ಬಸವ ಮಂದಿರದ ಭಜನೆ ಮುದ್ರಿಸಿದರು. ಮೈಕನ್ನು ತಮ್ಮ ಕಡೆಗೇ ಹಿಡಿದುಕೊಂಡಿದ್ದರಿಂದ ಅದರಲ್ಲಿ ಅವರ ತಾಳ ಮಾತ್ರ ಕೇಳಿತು. ಆಮೇಲೆ ವೀರಗಾಸೆಯವರನ್ನು ಹಿಡಿದರು. ಕುಣಿತಕ್ಕೆ ಮೊದಲು ಪೀಠಿಕೆಯಾಗಿ ಈ ಕಲೆ ಏಕೆ ನಶಿಸುತ್ತಿದೆ ಎಂದು ಎಷ್ಟು ಹೊತ್ತು ಕೇಳಿದರೆಂದರೆ, ಕಾವಿ ಉಟ್ಟು, ಎದೆಹಲಗೆ ಕಟ್ಟಿ, ಖಡ್ಗ ಹಿರಿದು ನಿಂತಿದ್ದ ಕಲಾವಿದ ಖಡ್ಗವನ್ನು ಒರೆಗೆ ಸೇರಿಸಿ ಊಟಕ್ಕೆ ಹೋದ.

ರಜನಿ ಮೆಲ್ಲಗೆ, “ಸಾರ್, ಬೇರೆ ಏನಾದ್ರೂ ಮಾಡಿ. ಕೆಲಸದ ಸದ್ದುಗಳು ಅಂತ ಒಂದು ಕಾರ್ಯಕ್ರಮ ಮಾಡಬಹುದಲ್ಲ?” ಎಂದಳು. ಷಡಕ್ಷರಿಗೆ ಕೂಡಲೇ ಹೊಳೆದದ್ದು ಕೃಷ್ಣಮ್ಮನ ಹಳಿ.

ಇಲ್ಲಿ ಎರಡು ಮಾತು ಹೇಳಲೇಬೇಕು. ಮೂಡಿಗೆರೆಗೆ ಈವರೆಗೆ ರೈಲು ಬಂದಿಲ್ಲ. ಆದರೆ ರೈಲಿನ ಹಳಿ ಬಂದು ನೂರು ವರ್ಷವಾಗಿರಬೇಕು. ಮೊಳದುದ್ದದ ಹಳಿ ತುಂಡು ಪ್ರತಿ ಎಸ್ಟೇಟಿನಲ್ಲೂ ಒಂದು ಮರಕ್ಕೆ ನೇತಾಡುತ್ತದೆ. ಸಂಜೆ ಅದನ್ನು ಕಬ್ಬಿಣದ ಸರಳಿನಿಂದ ಹೊಡೆದರೆ ಕೆಲಸ ಬಿಟ್ಟಂತೆ. ಕೊಟ್ಟಿಗೆಹಾರದ ದಾರಿಯಲ್ಲಿರುವ ಮಲ್ಲಿಕಾರ್ಜುನಪ್ಪನವರ ಎಸ್ಟೇಟಿನಲ್ಲಿ ಈ ಕೆಲಸ ಕೃಷ್ಣಮ್ಮನದು. ಹಗಲೆಲ್ಲ ಕಣದಲ್ಲಿ ಒಣಹಾಕಿದ ಕಾಫಿ ಹಣ್ಣು ಕೆದಕುವುದು, ನಾಲ್ಕೂವರೆಗೆ ಹೋಗಿ ಹಳಿ ಹೊಡೆಯುವುದು. ಮೂವತ್ತೊಂದು ವರ್ಷದಿಂದ ಆಕೆ ಗಡಿಯಾರ ಕಟ್ಟಿದವರಲ್ಲ, ಒಂದು ದಿನವೂ ಹೊತ್ತು ತಪ್ಪಿದವರಲ್ಲ. ಆ ಹಳಿ ಕೇಳಿದ ಕೂಡಲೇ ಪಕ್ಕದ ಎಸ್ಟೇಟಿನವರು ತಮ್ಮ ಹಳಿ ಹೊಡೆಯುತ್ತಾರೆ, ಅದನ್ನು ಕೇಳಿ ಅದರಾಚೆಯವರು. ಯಾರೂ ವಾಚು ನೋಡುವುದಿಲ್ಲ. ನೋಡುತ್ತಾ ನಿಂತರೆ ಹಣ್ಣು ಕೊಯ್ಯುವ ಹೆಂಗಸರು, ಅಲ್ಲಿ ಬೇಗ ಬಿಡ್ತಾರೆ ಎಂದು ನಾಳೆ ಪಕ್ಕದ ಎಸ್ಟೇಟಿಗೆ ಹೋಗಿಬಿಡುತ್ತಾರೆಂಬ ಹೆದರಿಕೆ. ಹೀಗೆ ಎರಡು ನಿಮಿಷದಲ್ಲಿ ಒಂಬತ್ತು ಎಸ್ಟೇಟು ಖಾಲಿ.

ಗುರುವಾರ ನಾಲ್ಕೂವರೆಗೆ ಮುದ್ರಣ ಎಂದು ನಿಶ್ಚಯವಾಯಿತು. ಷಡಕ್ಷರಿ ಮೂರಕ್ಕೇ ಹೊರಟರು. ಆದರೆ ದಾರಿಯಲ್ಲಿ ಗಿರಿಜಾಂಬಾ ಅವರ ಹೋಟೆಲಿನಲ್ಲಿ ಕಾಫಿಗೆ ನಿಂತು, ಅಲ್ಲಿದ್ದವರಿಗೆ ಸಮುದಾಯ ಬಾನುಲಿ ಎಂದರೇನು ಎಂದು ವಿವರಿಸತೊಡಗಿದರು. ಯಾರೂ ಕೇಳಿರಲಿಲ್ಲ. ಅವರು ಎಸ್ಟೇಟು ಮುಟ್ಟಿದಾಗ ಐದು ಗಂಟೆ. ಕೃಷ್ಣಮ್ಮ ಹಳಿ ಹೊಡೆದು, ಕೈಕಾಲು ತೊಳೆದು, ಕೂಲಿಯವರ ಲೈನು ಮನೆಯ ಜಗಲಿಯಲ್ಲಿ ಕೂತಿದ್ದರು. ಷಡಕ್ಷರಿ ಅವರ ಸಂದರ್ಶನವನ್ನೇನೋ ಮುದ್ರಿಸಿಕೊಂಡರು. ತಾವು ತಡವಾಗಿ ಹೋಗಿ ಹಳಿಯ ಸದ್ದು ತಪ್ಪಿಸಿಕೊಂಡದ್ದನ್ನು ಮಾತ್ರ ರಜನಿಯ ಮುಂದೆ ಬಾಯಿಬಿಡಲಿಲ್ಲ. ಮಾರನೆಯ ದಿನ ಎಲ್ಲ ಎಸ್ಟೇಟಿಗೂ ಸಂತೆಯ ರಜ. ಲೈನಿನ ಜನವೆಲ್ಲ ಮೂಡಿಗೆರೆಯಲ್ಲಿ, ಸಾಹುಕಾರರ ಮನೆಯವರು ಯಾವುದೋ ಗೃಹಪ್ರವೇಶದಲ್ಲಿ. ನಮ್ಮ ಷಡಕ್ಷರಿ ಒಬ್ಬರೇ ಹೋಗಿ, ಹಲಸಿನ ಮರದ ಕೆಳಗೆ ನಿಂತು, ಎಡಗೈಯಲ್ಲಿ ರೆಕಾರ್ಡರು, ಬಲಗೈಯಲ್ಲಿ ಸರಳು ಹಿಡಿದು, ಹಳಿಯನ್ನು ತಾವೇ ಬಾರಿಸಿ ಮುದ್ರಿಸಿಕೊಂಡು ಬಂದರು.

ಏಳನೆಯ ಏಟಿಗೆ ಸರಳು ಜಾರಿ ಪಾದದ ಮೇಲೆ ಬಿತ್ತು. ಆಗ ಅವರು “ಅಯ್ಯೋ ಶಿವನೇ!” ಎಂದು ಕೂಗಿದ್ದೂ ಅದರಲ್ಲಿ ಸೇರಿತು. ರಜನಿ ಕೇಳಿದಾಗ, “ಅದು ಯಾರೋ ಕೂಲಿಯವನು, ಕೆಲಸ ಮುಗೀತಲ್ಲ ಅಂತ ಭಕ್ತಿಯಿಂದ ಅಂದದ್ದು” ಎಂದರು. ರಜನಿಗೆ ಬಹಳ ಹಿಡಿಸಿತು. “ಸಹಜವಾಗಿದೆ ಸಾರ್, ತೆಗೆಯೋದು ಬೇಡ” ಎಂದಳು. ಪೀಠಿಕೆಯಲ್ಲಿ ಷಡಕ್ಷರಿ ಗಂಟಲು ಗಂಭೀರ ಮಾಡಿ, “ಕೇಳುಗರೇ, ಇದೀಗ ಮೂವತ್ತೊಂದು ವರ್ಷಗಳ ಅನುಭವವುಳ್ಳ ಕೃಷ್ಣಮ್ಮನವರ ಅಮೃತ ಹಸ್ತದಿಂದ...” ಎಂದು ಹೇಳಿದರು. ಸರಳು ಹಿಡಿದು ಊದಿದ್ದ ಆ ಅಮೃತ ಹಸ್ತಕ್ಕೆ ಮನೆಯಲ್ಲಿ ಪ್ರೇಮಕುಮಾರಿ ಹರಳೆಣ್ಣೆ ಹಚ್ಚುತ್ತಿದ್ದರು. ಪ್ರೇಮಕುಮಾರಿ ಎಂದರೆ ಅವರ ಹೆಂಡತಿ.

ಕಾರ್ಯಕ್ರಮ ಸೋಮವಾರ ಹನ್ನೊಂದೂವರೆಗೆ. ತಮ್ಮ ದನಿ ಬೆಟ್ಟಕ್ಕೆಲ್ಲ ಕೇಳಬೇಕೆಂದು ಷಡಕ್ಷರಿಗೆ ಆಸೆ. ಮಲ್ಲಿಕಾರ್ಜುನಪ್ಪನವರ ಎಸ್ಟೇಟಿಗೆ ಅಂಟಿಕೊಂಡೇ ಅವರದೊಂದು ನಾಲ್ಕು ಎಕರೆ ತೋಟವಿದೆ. ಅದನ್ನು ನೋಡಿಕೊಳ್ಳುವವನು ಚಿಕ್ಕಯ್ಯ. ನನ್ನ ಹಾರ್ನನ್ನು ಆ ತೋಟದ ಎತ್ತರದ ಸಿಲ್ವರ್ ಓಕ್ ಮರಕ್ಕೆ ಕಟ್ಟಿಸಿ, ಕೆಳಗೆ ಆಂಪ್ಲಿಫೈಯರು, ಜೀಪಿನ ಹಳೇ ಬ್ಯಾಟರಿ, ರೇಡಿಯೋ ಎಲ್ಲ ಜೋಡಿಸಿ, ಹನ್ನೊಂದೂವರೆಗೆ ಐದು ನಿಮಿಷ ಇರುವಾಗ ಸ್ವಿಚ್ ಹಾಕು ಎಂದು ಚಿಕ್ಕಯ್ಯನಿಗೆ ಹೇಳಿದರು. ಕಟ್ಟಿದವನು ನಾನೇ. ಹಾರ್ನಿನ ಬಾಯಿ ಕಣಿವೆಯ ಕಡೆಗಿತ್ತು. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ಸೋಮವಾರ ನಾವೆಲ್ಲ ಮೂಡಿಗೆರೆಯಲ್ಲಿ ಷಡಕ್ಷರಿಯ ಅಂಗಡಿಯಲ್ಲೇ ಕೂತು ಕೇಳಿದೆವು. ಪ್ರೇಮಕುಮಾರಿ ಬಾಳೆಹಣ್ಣಿನ ಹಲ್ವ ತಂದಿದ್ದರು. ಪೀಠಿಕೆ, ಹಳಿ, “ಅಯ್ಯೋ ಶಿವನೇ”, ಆಮೇಲೆ ಕೃಷ್ಣಮ್ಮನ ಮಾತು, ಎಲ್ಲ ಸೊಗಸಾಗಿ ಬಂತು. ಪ್ರೇಮಕುಮಾರಿ ಒಬ್ಬರೇ “ಆ ಶಿವನೇ ಅಂದದ್ದು ಎಲ್ಲೋ ಕೇಳಿದ ದನಿ” ಎಂದರು. ಷಡಕ್ಷರಿ ಹಲ್ವ ಚೆನ್ನಾಗಿದೆ ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಅಡಿಗೆಯನ್ನು ಹೊಗಳಿದ್ದು ಅದೇ ಮೊದಲು. ಪ್ರೇಮಕುಮಾರಿಗೆ ಅನುಮಾನ ಹುಟ್ಟಿದ್ದು ಆಗಲೇ.

ಅದೇ ಹೊತ್ತಿಗೆ ಅತ್ತ ಬೆಟ್ಟದ ಮೇಲೆ ನಡೆದದ್ದೇ ಬೇರೆ. ಅವತ್ತು ಮಂಜು ಇಳಿದು ಕೂತಿತ್ತು. ಪಕ್ಕದ ಗಿಡದಲ್ಲಿ ಕೊಯ್ಯುವವರ ಮುಖವೂ ಕಾಣದು. ಹಾರ್ನಿನ ಸ್ವಭಾವ ನಿಮಗೆ ಗೊತ್ತಿರಬಹುದು: ದೂರಕ್ಕೆ ಅದರಲ್ಲಿ ಮಾತು ತಿಳಿಯುವುದಿಲ್ಲ, ಬರೀ ಗೊಗ್ಗರು ಸದ್ದು. ಚುನಾವಣೆ ಹೊತ್ತಿನಲ್ಲಿ ಜನ ಅದನ್ನು ಸಹಿಸುವುದೇ ಅದಕ್ಕೆ. ಷಡಕ್ಷರಿಯವರ ಪೀಠಿಕೆ ಮಂಜಿನಲ್ಲಿ ಕರಗಿತು. ಅದರ ಹಿಂದೆಯೇ ಹಳಿ ಮಾತ್ರ ಠಣ್ ಠಣ್ ಎಂದು ಕಣಿವೆ ತುಂಬ ಮೊಳಗಿತು.

ಮಲ್ಲಿಕಾರ್ಜುನಪ್ಪನವರ ಎಸ್ಟೇಟಿನ ಇನ್ನೂರು ಜನ ಬುಟ್ಟಿ ಇಳಿಸಿದರು. ಇಷ್ಟು ಬೇಗ ಹೇಗೆ ಎಂದು ಯಾರೂ ಕೇಳಲಿಲ್ಲ. ಮನೆಗೆ ಹೋಗು ಎನ್ನುವ ಸದ್ದಿನ ಬಗ್ಗೆ ತರ್ಕ ಮಾಡುವವರು ಇನ್ನೂ ಹುಟ್ಟಿಲ್ಲ. ಊಟದ ಡಬ್ಬಿ ತುಂಬಿದ್ದಂತೆಯೇ ಇತ್ತು. “ಇವತ್ತು ಹಸಿವೇ ಆಗ್ಲಿಲ್ಲ ಕಣೇ” ಎಂದು ಒಬ್ಬಾಕೆ ಇನ್ನೊಬ್ಬಳಿಗೆ ಹೇಳಿದಳಂತೆ. ಮೇಸ್ತ್ರಿ ಮಂಜು ನೋಡಿದ, ಕತ್ತಲಾಗುತ್ತಿದೆ ಎಂದುಕೊಂಡ, ಚೀಲ ಹೊರಿಸಿದ. ಪಕ್ಕದ ಎಸ್ಟೇಟು ಹೊಡೆಯಿತು, ಅದರ ಪಕ್ಕದ್ದು ಹೊಡೆಯಿತು. ಒಂಬತ್ತೂ ಎಸ್ಟೇಟಿಗೆ ಸಂಜೆಯಾಯಿತು.

ಎಲ್ಲಕ್ಕಿಂತ ದೊಡ್ಡ ಉಪಕಾರ ಮಾಡಿದವನು ಚಿಕ್ಕಯ್ಯ. ಹಾರ್ನಿನ ಬುಡದಲ್ಲೇ ಕೂತಿದ್ದ ಅವನು, ತಾನೇ ಹಾಕಿದ ರೇಡಿಯೋದಿಂದ ಬಂದ ಹಳಿಯನ್ನು ಕೇಳಿ, “ಓ, ಕೆಲ್ಸ ಬಿಡ್ತು” ಎಂದು ರೇಡಿಯೋ ಆರಿಸಿ, ಬ್ಯಾಟರಿ ಕಳಚಿ, ಮನೆಗೆ ಹೋಗಿ ಬಿಸಿನೀರು ಕಾಯಿಸಿಕೊಂಡು ಸ್ನಾನ ಮಾಡಿದ. ಹಾಗಾಗಿ ಕೃಷ್ಣಮ್ಮನ ಮಾತು ಬೆಟ್ಟದಲ್ಲಿ ಒಬ್ಬರಿಗೂ ಕೇಳಲಿಲ್ಲ.

ಬೆಟ್ಟದ ಶಾಲೆಯ ಹೆಡ್‌ಮಾಸ್ಟರು ಶಾಂತವೀರಪ್ಪನವರ ಗೋಡೆ ಗಡಿಯಾರ ದೀಪಾವಳಿಗೇ ನಿಂತಿತ್ತು. ಸಂಜೆಯ ಗಂಟೆಗೆ ಅವರೂ ಹಳಿಯನ್ನೇ ನಂಬಿದವರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ‘ಜನಗಣಮನ’ ಹೇಳಿಸಿ ಬಿಟ್ಟರು. ಆಮೇಲೆ ಅಡಿಗೆಯಾಕೆ ನೂರಹನ್ನೆರಡು ಜನರ ಬಿಸಿಯೂಟದ ಹಂಡೆ ಹೊತ್ತು ಬಂದು, “ಮಕ್ಕಳೆಲ್ಲಿ ಸಾರ್?” ಎಂದಳು. ಗಿರಿಜಾಂಬಾ ಹೋಟೆಲಿಗೆ ಸಂಜೆಯ ಗಿರಾಕಿ ನುಗ್ಗಿದ್ದರಿಂದ ಆಕೆ ಇಡ್ಲಿ ಹಿಟ್ಟು ಒಳಗಿಟ್ಟು ಬೋಂಡದ ಬಾಣಲೆ ಇಟ್ಟರು. ಹಸುವನ್ನೂ ಸಂಜೆಯ ಕರಾವಿಗೆ ಕಟ್ಟಿದರು. ಹಸು ಒದೆಯಿತು. ಆ ಇಡೀ ಬೆಟ್ಟದಲ್ಲಿ ಸರಿಯಾದ ಹೊತ್ತು ಗೊತ್ತಿದ್ದದ್ದು ಅದೊಂದಕ್ಕೇ.

ಇದನ್ನೆಲ್ಲ ನಮಗೆ ಹೇಳಿದವನು ಮರುದಿನ ಹಾರ್ನು ಹೊತ್ತು ತಂದ ಚಿಕ್ಕಯ್ಯ. ಷಡಕ್ಷರಿ ಮೆಚ್ಚುಗೆ ಕೇಳಲು ಕಾದಿದ್ದರು.

“ಹೆಂಗಿತ್ತೋ ಕಾರ್ಯಕ್ರಮ?”

“ಎಂಥ ಕಾರ್ಯಕ್ರಮ ಮಾರಾಯ್ರೆ! ಆ ಕೃಷ್ಣಮ್ಮ ಮಧ್ಯಾಹ್ನಕ್ಕೇ ಹಳಿ ಹೊಡ್ದು ಎಲ್ಲ ಹಾಳು ಮಾಡಿಟ್ಲು. ಕಣಿವೆ ಪೂರ್ತಿ ಕೆಲ್ಸ ನಿಂತೋಯ್ತು. ಕೇಳಿದ್ರೆ ನಾ ಹೊಡೀಲೇ ಇಲ್ಲ ಅಂತಾಳೆ. ಇನ್ನೂರು ಜನ ಕೇಳಿದೀವಿ, ನಾನೇ ಕಿವಿಯಾರ ಕೇಳಿದೀನಿ. ಸಾಹುಕಾರ್ರಿಗೆ ಭಾರೀ ಸಿಟ್ಟು. ಇವತ್ತು ಮೂರು ಗಂಟೆಗೆ ಸುತ್ತಲಿನ ಎಸ್ಟೇಟಿನೋರನ್ನ ಕರ್ಸಿ, ಅವಳ ಕೈಯಿಂದ ಹಳಿ ಬಿಡಿಸ್ತಾರಂತೆ. ನಾಳೆಯಿಂದ ಕರೆಂಟಿನ ಸೈರನ್ನು.”

ಷಡಕ್ಷರಿಯ ಮುಖ ಹಳೇ ಛತ್ರಿಯ ಬಟ್ಟೆಯ ಬಣ್ಣಕ್ಕೆ ತಿರುಗಿತು.

“ಕೃಷ್ಣಮ್ಮ ಏನಂದ್ಲು?” ಎಂದು ಗಂಡನಿಗೆ ಊಟದ ಡಬ್ಬಿ ತಂದಿದ್ದ ಪ್ರೇಮಕುಮಾರಿ ಕೇಳಿದರು.

“ಏನನ್ನಲ್ಲ ಅಮ್ಮಾ. ನಿನ್ನೆ ನಾಲ್ಕೂವರೆಗೆ ಖಾಲಿ ಎಸ್ಟೇಟಿನಲ್ಲಿ ಒಬ್ಳೇ ಹೋಗಿ ಹಳಿ ಹೊಡ್ದು ಬಂದ್ಲು. ಅದೂ ತಪ್ಪಾಯ್ತು. ಒಂದೇ ದಿನ ಎರಡು ಸಲ ಹೊಡೆದ್ಲು ಅಂತ ಇನ್ನೂ ಬೈದ್ರು. ಮನೆಗೆ ಬಂದು ಉಣ್ಲೂ ಇಲ್ವಂತೆ.”

ಪ್ರೇಮಕುಮಾರಿ ಗಂಡನ ಕಡೆ ತಿರುಗಿದರು. ಹೆಚ್ಚು ಮಾತಾಡುವವರಲ್ಲ ಆಕೆ. “ಆ ಜಾಕೀಟು ಬಿಚ್ಚಿಡಿ. ಜೀಪು ಹತ್ತಿ” ಎಂದರು. ಷಡಕ್ಷರಿ ಹತ್ತಿದರು. ಹಾರ್ನಿನ ವಿಷಯದಲ್ಲಿ ನನ್ನ ಹೆಸರು ಬಂದರೆ ಸಮಜಾಯಿಷಿ ಕೊಡಲು ನಾನೂ ಹತ್ತಿದೆ. ದಾರಿಯಲ್ಲಿ ರಜನಿಯನ್ನೂ, ಅವಳ ಲ್ಯಾಪ್‌ಟಾಪನ್ನೂ ಹತ್ತಿಸಿಕೊಂಡೆವು.

ಹಲಸಿನ ಮರದ ಕೆಳಗೆ ಕುರ್ಚಿ ಹಾಕಿದ್ದರು. ಮಲ್ಲಿಕಾರ್ಜುನಪ್ಪನವರು ನಡುವೆ, ಅವರ ಬಲಕ್ಕೆ ಹಂಡೆ ಅನ್ನದ ದುಃಖ ಇನ್ನೂ ಆರದ ಶಾಂತವೀರಪ್ಪ, ಎಡಕ್ಕೆ ಸುತ್ತಲಿನ ಎಸ್ಟೇಟುಗಳ ಕೆಲವರು. ಗಿರಿಜಾಂಬಾ ಹಸು ಒದ್ದ ಕೈಗೆ ಬಟ್ಟೆ ಸುತ್ತಿಕೊಂಡು ಬಂದಿದ್ದರು. ಕೃಷ್ಣಮ್ಮ ಕಣದ ಅಂಚಿನಲ್ಲಿ ನಿಂತಿದ್ದರು. ಸಣ್ಣ ಆಳು, ತಲೆಗೆ ಟವೆಲು. ಅಳುತ್ತಿರಲಿಲ್ಲ. ಅಳದೆ ನಿಂತವರನ್ನು ನೋಡುವುದು ನನಗೆ ಇನ್ನೂ ಕಷ್ಟವಾಯಿತು.

“ನೋಡು ಕೃಷ್ಣಮ್ಮ, ವಯಸ್ಸಾದ್ರೆ ಮರೆವು ಬರುತ್ತೆ, ತಪ್ಪಲ್ಲ” ಎಂದರು ಮಲ್ಲಿಕಾರ್ಜುನಪ್ಪ. “ಹೊಡೆದೆ ಅಂತ ಒಪ್ಕೊ, ಅಷ್ಟೇ. ಕಣದ ಕೆಲ್ಸ ಇದ್ದೇ ಇದೆ.”

“ಹೊಡೆದಿದ್ರೆ ಒಪ್ಕೋತಿದ್ದೆ ಅಯ್ಯ. ಹಳಿ ಬೇಕಾದ್ರೆ ತಗೊಳಿ. ಸುಳ್ಳು ಹೇಳಿ ತಗೋಬೇಡಿ.”

ಇದು ಷಡಕ್ಷರಿ ಮುಂದೆ ಬರಬೇಕಾದ ಹೊತ್ತು. ಅವರು ಬರಲಿಲ್ಲ. ಪ್ರೇಮಕುಮಾರಿ ಹಿಂದಿನಿಂದ ನೂಕಿದ್ದರಿಂದ ಬಂದರು.

“ಮಲ್ಲಿಕಾರ್ಜುನಪ್ನೋರೇ, ನಿನ್ನೆ ಕೇಳಿದ್ದು ಹಳಿಯಲ್ಲ, ರೇಡಿಯೋ. ನಾನು ಮರಕ್ಕೆ ಹಾರ್ನ್ ಕಟ್ಸಿದ್ದೆ. ಮತ್ತೆ... ರೇಡಿಯೋದಲ್ಲಿ ಹೊಡೆದದ್ದೂ ಕೃಷ್ಣಮ್ಮ ಅಲ್ಲ. ನಾನೇ.”

ಮಲ್ಲಿಕಾರ್ಜುನಪ್ಪನವರು ಎದ್ದು ಬಂದು ಷಡಕ್ಷರಿಯ ಎರಡೂ ಕೈ ಹಿಡಿದುಕೊಂಡರು. “ಷಡಕ್ಷರಿಗಳೇ, ನಿಮ್ಮದು ದೊಡ್ಡ ಮನಸ್ಸು. ಪಾಪದ ಹೆಂಗಸನ್ನ ಉಳಿಸೋಕೆ ನಿಮ್ಮ ಮರ್ಯಾದೆ ಕಳಕೊಳ್ತಾ ಇದ್ದೀರಿ.”

“ಅಲ್ಲ, ನಿಜವಾಗ್ಲೂ ನಾನೇ ಹೊಡೆದದ್ದು!”

“ನೋಡಿ, ನೋಡಿ, ಮತ್ತೆ ಅದೇ ಹೇಳ್ತಾರೆ!” ಎಂದು ಶಾಂತವೀರಪ್ಪನವರು ಕಣ್ಣೊರೆಸಿಕೊಂಡರು. “ಇಂಥವರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ? ಇವರನ್ನ ಗಣರಾಜ್ಯೋತ್ಸವಕ್ಕೆ ನಮ್ಮ ಶಾಲೆಗೆ ಮುಖ್ಯ ಅತಿಥಿ ಮಾಡ್ತೀನಿ.”

ಮುಖ್ಯ ಅತಿಥಿ ಎಂದ ಕೂಡಲೇ ಷಡಕ್ಷರಿಯ ಬೆನ್ನು ತಾನಾಗಿ ನೆಟ್ಟಗಾದದ್ದನ್ನು ನಾನು ಕಂಡೆ. ಹಿಂದಿನಿಂದ ಇನ್ನೊಂದು ನೂಕು ಬಿತ್ತು.

“ಸಂತೆ ದಿನ ಕಳ್ಳನ ಹಾಗೆ ಬಂದು ಹೊಡೆದೆ!” ಎಂದು ಅವರು ಕೂಗಿದರು. “ಪಾದದ ಮೇಲೆ ಸರಳು ಬಿತ್ತು!”

“ಅವತ್ತು ಅಂಗೈ ಊದಿಸ್ಕೊಂಡು ಬಂದು, ಕಾಫಿ ಗಿಡದ ಚಿಗುರು ತೆಗೆದೆ ಅಂದ್ರು” ಎಂದರು ಪ್ರೇಮಕುಮಾರಿ. “ಈ ಮನುಷ್ಯ ಒಂದು ಚಿಗುರು ಕಿತ್ತಿದ್ದು ನಾನು ನೋಡಿಲ್ಲ. ಆಗ್ಲೇ ಕೇಳ್ಬೇಕಿತ್ತು.”

“ಗಂಡನಿಗೆ ತಕ್ಕ ಹೆಂಡ್ತಿ” ಎಂದು ಗಿರಿಜಾಂಬಾ ಮೂಗು ಸೀಟಿದರು.

ನಿಜ ಹೇಳಿದಷ್ಟೂ ಅವರ ಕೀರ್ತಿ ಬೆಳೆಯುತ್ತಿತ್ತು, ಕೃಷ್ಣಮ್ಮನ ತಪ್ಪು ಗಟ್ಟಿಯಾಗುತ್ತಿತ್ತು. ಯಾರೋ ಹಾರಕ್ಕೆ ಹೂ ಕೊಯ್ಯಲು ಹೊರಟರು. ಹಾರ್ನಿನವನೂ ಸಾಕ್ಷಿ ಎಂದು ಷಡಕ್ಷರಿ ನನ್ನನ್ನು ಎಳೆದರು. ನಾನು ಹೌದು ಎಂದರೆ, ಬಜಾರಿನವರೆಲ್ಲ ಒಗ್ಗಟ್ಟಾಗಿ ಕೃಷ್ಣಮ್ಮನನ್ನು ಉಳಿಸಲು ಬಂದಿದ್ದಾರೆ ಎಂದು ನನಗೂ ನಮಸ್ಕಾರ ಹಾಕಿದರು. ಕೊನೆಗೆ ರಜನಿ ಲ್ಯಾಪ್‌ಟಾಪು ತೆರೆದು, “ದಯವಿಟ್ಟು ಒಂದು ಸಲ ಕೇಳಿ” ಎಂದಳು.

ಠಣ್ ಠಣ್ ಎಂದು ಏಳು ಏಟು. “ಅಯ್ಯೋ ಶಿವನೇ!”

“ಇದೇ!” ಎಂದು ಚಿಕ್ಕಯ್ಯ ಹಾರಿದ. “ನಿನ್ನೆ ಕೇಳಿದ್ದು ಇದೇ! ಶಿವನೇ ಅಂದದ್ದೂ ಕೇಳಿತ್ತು. ಯಾರೋ ಖುಷಿಗೆ ಅಂದ್ರು ಅಂದ್ಕೊಂಡೆ.”

ಮಾತು ತಿಳಿಯದಿದ್ದರೂ ಆ ಕೂಗು ಶಾಂತವೀರಪ್ಪನವರಿಗೂ ಕೇಳಿತ್ತಂತೆ. ಅವರು ಅದನ್ನು ಅಡಿಗೆಯಾಕೆಯದು ಎಂದುಕೊಂಡಿದ್ದರು.

ಲ್ಯಾಪ್‌ಟಾಪು ನಿಲ್ಲಲಿಲ್ಲ. ಬೆಟ್ಟದಲ್ಲಿ ಯಾರೂ ಕೇಳದಿದ್ದ ಕೃಷ್ಣಮ್ಮನ ಮಾತು ಈಗ ಬಂತು. “ನಮ್ಮನೆಯವ್ರು ಹೋದ ಮೇಲೆ ದೊಡ್ಡ ಸಾಹುಕಾರ್ರು ಸರಳು ನನ್ನ ಕೈಗೆ ಕೊಟ್ರು. ಹೆಂಗಸು ಹೊಡೆದ ಹಳಿಗೆ ನಾವು ಏಳಲ್ಲ ಅಂತ ಗಂಡಸರು ಹಟ ಹಿಡಿದು ಗಿಡದಲ್ಲೇ ನಿಂತ್ರು. ಹೆಂಗಸ್ರೆಲ್ಲ ಎದ್ದು ಬಂದ್ವಿ. ಮನೇಲಿ ಒಲೆ ಹಚ್ಚಿದ್ವಿ. ಕತ್ತಲಾಯ್ತು, ಜಿಗಣೆ ಹತ್ತಿತು. ಆಮೇಲೆ ಒಬ್ಬೊಬ್ರೇ ಬಂದ್ರು. ಮಾರನೇ ದಿನದಿಂದ ಯಾರೂ ಎದುರು ಮಾತಾಡ್ಲಿಲ್ಲ. ದೊಡ್ಡ ಸಾಹುಕಾರ್ರು, ಹೊತ್ತು ನೋಡೋದು ನಿನ್ನ ಕೆಲ್ಸ ಕೃಷ್ಣಮ್ಮ, ನಾ ಕೇಳಲ್ಲ ಅಂದಿದ್ರು. ಸಾಯೋವರೆಗೂ ಕೇಳ್ಲಿಲ್ಲ.”

ಮಲ್ಲಿಕಾರ್ಜುನಪ್ಪನವರು ಕುರ್ಚಿಯಲ್ಲಿ ಕೂತರು. ದೊಡ್ಡ ಸಾಹುಕಾರರೆಂದರೆ ಅವರ ತಂದೆ.

ಆದರೆ ಸುತ್ತಲಿನವರ ಅನುಮಾನ ಪೂರ್ತಿ ಹೋಗಲಿಲ್ಲ. ಷಡಕ್ಷರಿಯಂಥ ದೊಡ್ಡ ಮನುಷ್ಯರು ಹಳಿ ಹೊಡೆದರು ಎಂಬುದನ್ನು ನಂಬಲು ಮನಸ್ಸಿಲ್ಲ. ಆಗ ಕೃಷ್ಣಮ್ಮನೇ, “ಇದು ನನ್ನ ಏಟಲ್ಲ. ಹಿಟ್ಟು ಕುಟ್ಟಿದ ಹಾಗಿದೆ. ಅವರ ಕೈಯಲ್ಲೇ ಹೊಡೆಸಿ ನೋಡಿ” ಎಂದರು.

ಎಲ್ಲರಿಗೂ ಸರಿ ಎನ್ನಿಸಿತು. ಇಲ್ಲಿ ನಾನಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಷಡಕ್ಷರಿ ಸರಳು ಎತ್ತಿಕೊಂಡರು. ಠಣ್, ಠಣ್, ಠಣ್... ಏಳನೆಯ ಏಟಿಗೆ ಸರಳು ಜಾರಿತು.

“ಅಯ್ಯೋ ಶಿವನೇ!”

ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. ಅದೇ ದನಿ, ಅದೇ ಏಟು, ಬಹುಶಃ ಅದೇ ಪಾದ. ಮಲ್ಲಿಕಾರ್ಜುನಪ್ಪನವರು ಎದ್ದು, “ಕೃಷ್ಣಮ್ಮ, ನನ್ನಿಂದ ತಪ್ಪಾಯ್ತು” ಎಂದು ನೇರವಾಗಿ ಹೇಳಿದರು. ಅಷ್ಟರಲ್ಲಿ ಪಕ್ಕದ ಎಸ್ಟೇಟಿನಿಂದ ಠಣ್ ಠಣ್ ಎಂದು ಕೇಳಿತು. ಅದರಾಚೆಯಿಂದ ಇನ್ನೊಂದು. ಅದರಾಚೆಯಿಂದ ಮತ್ತೊಂದು.

“ನಿಲ್ಲಿಸ್ರೋ!” ಎಂದು ಎಸ್ಟೇಟಿನವರು ಬೆಟ್ಟದ ಕಡೆ ತಿರುಗಿ ಕೂಗಿದರು. ಶಾಂತವೀರಪ್ಪನವರು “ನನ್ನ ಮಕ್ಕಳು!” ಎಂದು ಎರಡು ಹೆಜ್ಜೆ ಓಡಿ ಏದುಸಿರು ಬಿಟ್ಟು ನಿಂತರು. ಸಮಯ ಮೂರೂ ಇಪ್ಪತ್ತು. ಇನ್ನೂರು ಜನ ಚೀಲ ಹೊತ್ತು, ನಗುನಗುತ್ತಾ ಗಿಡಗಳ ನಡುವಿನಿಂದ ಇಳಿದು ಬರುತ್ತಿದ್ದರು. ಎರಡು ದಿನ ಮೇಲಿಂದ ಮೇಲೆ ಇಂಥ ಭಾಗ್ಯ ಅವರು ಕಂಡವರಲ್ಲ. ಅವರ ಹಿಂದೆಯೇ ಇಸ್ಕೂಲಿನ ಮಕ್ಕಳ ಗದ್ದಲವೂ ಕೇಳತೊಡಗಿತು.

ಮೇಸ್ತ್ರಿ ಬಂದು, “ಅಯ್ಯ, ತೂಕಕ್ಕೆ ಹಾಕ್ಲಾ? ಇಲ್ಲಾ ವಾಪಸ್ ಕಳ್ಸಲಾ?” ಎಂದ.

ಮಲ್ಲಿಕಾರ್ಜುನಪ್ಪನವರ ಕೈಯಲ್ಲಿ ಒಳ್ಳೆಯ ವಿದೇಶೀ ವಾಚಿತ್ತು. ಅವರು ಅದನ್ನು ನೋಡಿಕೊಳ್ಳಲಿಲ್ಲ. ಇನ್ನೂರು ಜನರ ಮುಂದೆ ತಿರುಗಿ, “ಕೃಷ್ಣಮ್ಮ, ಹೊತ್ತಾಯ್ತಾ?” ಎಂದು ಕೇಳಿದರು.

ಕೃಷ್ಣಮ್ಮ ಕಣದ ಕಡೆ ನೋಡಿದರು. ಹಲಸಿನ ಮರದ ಕಡೆ ನೋಡಿದರು. ಅವಸರವೇನೂ ಇರಲಿಲ್ಲ.

“ಇನ್ನೂ ಇಲ್ಲ ಅಯ್ಯ.”

“ಹಾಗಾದ್ರೆ ಕಾಯೋಣ” ಎಂದು ಅವರು ಕೂತುಬಿಟ್ಟರು.

ವಾಪಸ್ ಗಿಡಕ್ಕೆ ಹೋಗಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಮನೆಗೆ ಹೋಗೋಣ ಎಂದೂ ಯಾರೂ ಅನ್ನಲಿಲ್ಲ. ಇನ್ನೂರು ಜನ ಕಣದ ಸುತ್ತ ಚೀಲದ ಮೇಲೆ ಕೂತರು. ಸಾಹುಕಾರರ ಮನೆಯಿಂದ ಹಂಡೆಯಲ್ಲಿ ಕಾಫಿ ಬಂತು. ಗಿರಿಜಾಂಬಾ ತಮ್ಮ ಹೋಟೆಲಿನಿಂದ ನಿನ್ನೆ ಮಿಕ್ಕ ಬೋಂಡ ತರಿಸಿದರು. ಮಕ್ಕಳು ಷಡಕ್ಷರಿಯ ಸುತ್ತ ನಿಂತು, “ಇನ್ನೊಂದ್ಸಲ ಶಿವನೇ ಅನ್ನಿ ಸಾರ್” ಎಂದು ಪೀಡಿಸಿದವು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಷಡಕ್ಷರಿ ಮೊದಲು ಸಿಟ್ಟಾದರು, ಆಮೇಲೆ ಎರಡು ಸಲ ಅಂದರು. ಎರಡನೆಯ ಸಲ ಬಹಳ ಚೆನ್ನಾಗಿ ಬಂತು. ಕೃಷ್ಣಮ್ಮ ಮಾತ್ರ ಯಾರ ಕಡೆಯೂ ನೋಡದೆ ಕಣದಲ್ಲಿ ಹಣ್ಣು ಕೆದಕುತ್ತಿದ್ದರು, ಎಲ್ಲ ದಿನದ ಹಾಗೆ. ಮುಖ ಬೆಳಗುತ್ತಿತ್ತು.

ಒಂದು ಹೊತ್ತಿಗೆ ಆಕೆ ಕೆದಕುವ ಹಲಗೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮರದ ಕಡೆ ನಡೆದರು. ಎಲ್ಲರೂ ಎದ್ದು ನಿಂತರು. ರಜನಿ ರೆಕಾರ್ಡರನ್ನು ಷಡಕ್ಷರಿಯ ಕೈಗೆ ಕೊಟ್ಟು, “ಸಾರ್, ಈಗ ಹಿಡೀರಿ” ಎಂದಳು. ಕೃಷ್ಣಮ್ಮ ಹೊಡೆದರು. ನಿಧಾನ, ಒಂದೇ ಅಳತೆ, ಒಂದು ಏಟಿನ ಸದ್ದು ಪೂರ್ತಿ ಇಳಿದ ಮೇಲೆ ಇನ್ನೊಂದು. ಷಡಕ್ಷರಿ ಹೊಡೆದದ್ದು ಹಿಟ್ಟು ಕುಟ್ಟಿದ ಹಾಗಿತ್ತೆಂದು ನಮಗೆ ಆಗ ಗೊತ್ತಾಯಿತು. ಮಲ್ಲಿಕಾರ್ಜುನಪ್ಪನವರ ವಾಚನ್ನು ನಾನು ಓರೆಗಣ್ಣಿನಿಂದ ನೋಡಿದೆ. ನಾಲ್ಕೂ ಮೂವತ್ತು.

ಆದರೆ ಷಡಕ್ಷರಿ ಎರಡನೆಯ ಏಟಿಗೇ ಎಲ್ಲ ಮರೆತು, ರೆಕಾರ್ಡರನ್ನು ಅಂಗಿಯ ಜೇಬಿಗಿಳಿಸಿ, ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟುತ್ತಾ ಅಳುತ್ತಿದ್ದರು. ಮುದ್ರಣದಲ್ಲಿ ಬಂದದ್ದು ಬರೀ ಅವರ ಜೇಬಿನ ಎಲೆಅಡಿಕೆಯ ಪರಪರ.

ರಜನಿ ಕೈಮುಗಿದಳು. “ಕೃಷ್ಣಮ್ಮ, ಇನ್ನೊಂದೇ ಒಂದು ಸಲ ಹೊಡೀತೀರಾ? ರೇಡಿಯೋಕ್ಕೆ?”

“ಕೆಲ್ಸ ಬಿಡೋ ಹೊತ್ತು ದಿನಕ್ಕೆ ಒಂದೇ ಸಲ ಆಗೋದು ಕಣವ್ವ” ಎಂದು ಕೃಷ್ಣಮ್ಮ ಸರಳನ್ನು ಕೊಂಬೆಗೆ ಸಿಕ್ಕಿಸಿದರು. “ನಾಳೆ ಬನ್ನಿ.”

ಷಡಕ್ಷರಿ ಮಾರನೆಯ ದಿನ ಹನ್ನೆರಡಕ್ಕೇ ಅಂಗಡಿ ಮುಚ್ಚಿ ಹೋಗಿ ಹಲಸಿನ ಮರದ ಕೆಳಗೆ ಕೂತರು. ಸುಮ್ಮನೆ ಕೂರುವುದೇಕೆ ಎಂದು ಕೃಷ್ಣಮ್ಮ ಅವರ ಕೈಗೆ ಹಲಗೆ ಕೊಟ್ಟು, ನಾಲ್ಕೂವರೆಯವರೆಗೆ ಕಾಫಿ ಹಣ್ಣು ಕೆದಕಿಸಿದರು.